ಫಿರೌನನ ಊರಿನ ತಂಬಾಕು

ತನ್ನ ಹೆಸರನ್ನು ತಾನು ಅಳಿಸಿಲ್ಲ, ಅದರ ಮುಂದೆ ಮೂರು ಅಕ್ಷರ ಸೇರಿಸಿದ್ದೇನೆ ಅಷ್ಟೇ ಎಂದು ಶಬಾನಾ ಮೆಟ್ಟಿಲು ಹತ್ತುತ್ತ ಮತ್ತೊಮ್ಮೆ ತನಗೆ ತಾನೇ ಹೇಳಿಕೊಂಡಳು. ಕೆಳಗೆ ಗೊಬ್ಬರದ ಅಂಗಡಿ, ಮೇಲೆ ರಾವಸಾಹೇಬರ ಕಂಪ್ಯೂಟರ್ ಕ್ಲಾಸು. ಯೂರಿಯಾದ ವಾಸನೆಯೂ ಪೇಟೆಯ ವಖಾರಗಳಿಂದ, ಅಂದರೆ ದೊಡ್ಡ ಗೋದಾಮುಗಳಿಂದ ಬರುವ ತಂಬಾಕಿನ ಘಾಟೂ ಮೆಟ್ಟಿಲ ತಿರುವಿನಲ್ಲಿ ಕೂಡಿಕೊಂಡು ಹೊಸಬರಿಗೆ ಸೀನು ತರಿಸುತ್ತಿದ್ದವು. ಅವಳಿಗೆ ಏನೂ ಆಗುತ್ತಿರಲಿಲ್ಲ. ನಿಪ್ಪಾಣಿಯಲ್ಲಿ ಹುಟ್ಟಿದವರಿಗೆ ತಂಬಾಕು ವಾಸನೆಯಲ್ಲ, ಗಾಳಿ. ನಿನ್ನೆ ಸಂಜೆ ರಾವಸಾಹೇಬರು ಅವಳ ಹಿಂದೆ ನಿಂತು, ಪರದೆಯ ಮೇಲೆ ಮೊದಲು ಮೂಡುವ ಹಾಳೆಯನ್ನು ನೋಡುತ್ತ, "ಇಲ್ಲಿ ನಮ್ಮ ಕ್ಲಾಸಿನ ಹೆಸರ ಇರಲಿ ಶಬಾನಾ. ಪುಣೆದವ್ರು ಬರಾಕತ್ತಾರ. ಒಬ್ಬ ಹೆಣ್ಣಮಗಳ ಹೆಸರ ನೋಡಿದ್ರ ಹುಡುಗಾಟಕಿ ಅಂತ ತಿಳೀತಾರ" ಎಂದಿದ್ದರು. ಅದರಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ, ಅದೇ ತೊಂದರೆ. ಅಕ್ಕೋಳದ ಕಡೆ ಕಬ್ಬಿನ ಹೊಲವಿದ್ದ ಮನುಷ್ಯ, ಕೊಲ್ಹಾಪುರದಲ್ಲಿ ಯಾರದೋ ಆಫೀಸಿನಲ್ಲಿ ಕಂಪ್ಯೂಟರು ಕಂಡು ಬಂದು, ಅಣ್ಣತಮ್ಮಂದಿರು ನಗುತ್ತಿದ್ದರೂ ಎರಡು ಯಂತ್ರ ತಂದಿಟ್ಟಿದ್ದರು. ಬೀಡಿ ಕಟ್ಟುವವಳ ಮಗಳನ್ನು ಟೀಚರ್ ಎಂದು ಕರೆದ ಮೊದಲಿಗರೂ ಅವರೇ. ಅಂಥವರಿಗೆ ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಪ್ರೋಗ್ರಾಮಿನಲ್ಲಿ ಒಂದು ಸಾಲಿನ ಮುಂದೆ ಆ ಮೂರು ಅಕ್ಷರ ಹಾಕಿದರೆ ಯಂತ್ರ ಆ ಸಾಲನ್ನು ಓದದೆ ದಾಟಿಹೋಗುತ್ತದೆ. ಸಾಲು ಅಲ್ಲೇ ಇರುತ್ತದೆ, ಪರದೆಗೆ ಮಾತ್ರ ಬರುವುದಿಲ್ಲ. ಬುರ್ಖಾ ಹಾಕಿಕೊಂಡು ಪೇಟೆ ದಾಟಿದ ಹಾಗೆ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಆ ಪ್ರೋಗ್ರಾಮು ಒಂದು ಆಟ. ಆಡುವವರು ತಾವೇ ಒಂದು ಪಾತ್ರವಾಗಿ, ನಾಲ್ಕು ಸಾವಿರ ವರ್ಷದ ಹಿಂದಿನ ಇಜಿಪ್ತದಲ್ಲಿ ನೈಲ್ ನದಿಯ ಗುಂಟ ಊರಿಂದ ಊರಿಗೆ ದೋಣಿಯಲ್ಲಿ ಹೋಗುವ ಆಟ. ಯಾರೂ ಮಾಡು ಎಂದಿರಲಿಲ್ಲ. ಹುಡುಗರಿಗೆ ಪಾಠ ಮುಗಿದು ಕರೆಂಟು ಉಳಿದಿದ್ದರೆ ಶಬಾನಾ ಕೂತು ಒಂದೊಂದೇ ಊರು ಕಟ್ಟಿದ್ದಳು. ಚಿತ್ರ ಕಡಿಮೆ, ಮಾತು ಹೆಚ್ಚು, ಮಾತೂ ಅವಳ ಶಾಲೆಯ ಇಂಗ್ಲಿಷು. ಮೊದಲಿಗೇ ಪರದೆ ಕೇಳುತ್ತದೆ: ನಿನ್ನ ಹೆಸರೇನು? ಹೆಸರು ಹೇಳದೆ ಮುಂದೆ ಬಿಡುವುದಿಲ್ಲ. ಹೆಸರು ಹೇಳಿದವರು ಎಲೆ ಸುತ್ತುವ ಮನೆಯ ಒಬ್ಬ ಹುಡುಗಿಯಾಗುತ್ತಾರೆ, ತಾಯಿ ಕಟ್ಟಿದ್ದನ್ನು ದೋಣಿಗೆ ಹಾಕಿಕೊಂಡು ಅರಸನ ವಖಾರದ ಕಡೆ ಹೊರಡುತ್ತಾರೆ. ದಾರಿಯಲ್ಲಿ ಮೊಸಳೆ, ಸುಂಕದವರು, ಸುಳ್ಳು ಹೇಳುವ ಪೂಜಾರಿಗಳು. ಕೊನೆಗೆ ಸತ್ತವರ ನಾಡು, ಅಲ್ಲಿ ನರಿಮುಖದ ದೇವರು ತಕ್ಕಡಿ ಹಿಡಿದು ನಿಂತಿರುತ್ತಾನೆ. ಒಂದು ಕಡೆ ನಿನ್ನ ಗುಂಡಿಗೆ, ಇನ್ನೊಂದು ಕಡೆ ಒಂದು ಹಕ್ಕಿಯ ಗರಿ. ಶಾಲೆಯ ಇತಿಹಾಸದ ಪುಸ್ತಕದಲ್ಲಿ ಆ ತಕ್ಕಡಿಯ ಚಿತ್ರ ಅಂಗೈಯಷ್ಟಿತ್ತು. ಉಳಿದದ್ದು ಅಜ್ಜಿ ಹೇಳುತ್ತಿದ್ದ ಫಿರೌನನ ಕಥೆ. ಅಜ್ಜಿಯ ಕಥೆಯಲ್ಲಿ ಫಿರೌನನೆಂದರೆ ಇಜಿಪ್ತದ ಸೊಕ್ಕಿನ ಅರಸ, ಮೂಸಾ ಪೈಗಂಬರರನ್ನು ಕಾಡಿ ಸಮುದ್ರದಲ್ಲಿ ಮುಳುಗಿದವನು. ಆದರೆ ಸಣ್ಣ ಶಬಾನಾಗೆ ಬೇಕಾಗಿದ್ದದ್ದು ಫಿರೌನನೂ ಅಲ್ಲ, ಮೂಸಾನೂ ಅಲ್ಲ. ಆ ಊರಿನಲ್ಲಿ ಉಳಿದ ಮಂದಿ ಏನು ಮಾಡುತ್ತಿದ್ದರು, ಅವರ ಮನೆಯ ಮುಂದೆ ಯಾವ ವಾಸನೆ ಬರುತ್ತಿತ್ತು ಎಂದು ಕೇಳಿದರೆ ಅಜ್ಜಿ, "ಕಥಿ ಕೇಳ್ತಿಯೋ, ನಡುವ ಮೂಗ ತೂರಿಸ್ತಿಯೋ" ಎಂದು ಬೈಯುತ್ತಿದ್ದಳು.

ನರಿಮುಖದ ದೇವರನ್ನು ಬರೆಯಲು ಕುಳಿತಾಗ ಅವಳ ಕಣ್ಣ ಮುಂದೆ ಬಂದದ್ದು ಕಟ್ಟಿದ ಬೀಡಿ ಪರೀಕ್ಷಿಸುವ ಚೆಕರ್. ಬೀಡಿ ಅಂಗಡಿಯ ಕಟ್ಟೆಯ ಮೇಲೆ ಕಾಲು ಮಡಿಸಿ ಕೂತ ಚೆಕರ್. ಕೆಳಗೆ ಸಾಲಾಗಿ ನಿಂತ ಹೆಂಗಸರು. ಅವರ ನಡುವೆ ಅಮ್ಮಿ, ಮೊರದ ಮೇಲೆ ಬಿಳಿ ಅರಿವೆ ಮುಚ್ಚಿಕೊಂಡು. ಶಬಾನಾ ಆಗ ಅಮ್ಮಿಯ ಸೆರಗು ಹಿಡಿಯುವ ವಯಸ್ಸಿನವಳು. ಚೆಕರ್ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕಟ್ಟಿನ ನಡುವಿನಿಂದ ಒಂದು ಬೀಡಿ ಎಳೆದು, ಬೆರಳಲ್ಲಿ ಹೊರಳಿಸಿ, ಬಾಯಲ್ಲಿದ್ದದ್ದನ್ನು ಆ ಕಡೆಗೆ ಉಗುಳಿ, "ಛಾಟ" ಎನ್ನುತ್ತಿದ್ದ. ಛಾಟ ಎಂದರೆ ಆ ಮಾಲು ಪಾಸಾಗಲಿಲ್ಲ, ಅದಕ್ಕೆ ಕೂಲಿ ಇಲ್ಲ. ಆದರೆ ಛಾಟ ಆದ ಬೀಡಿ ಕಟ್ಟಿದವಳಿಗೆ ಮರಳಿ ಸಿಗುತ್ತಿರಲಿಲ್ಲ. ಅವನ ಹಿಂದಿದ್ದ ಬುಟ್ಟಿಗೆ ಬೀಳುತ್ತಿತ್ತು, ಸಂಜೆ ಆ ಬುಟ್ಟಿ ಒಳಗೆ ಹೋಗುತ್ತಿತ್ತು, ಒಳಗೆ ಹೋದದ್ದು ಒಲೆಗೆ ಹೋಯಿತೆಂದು ಯಾರೂ ನಂಬುತ್ತಿರಲಿಲ್ಲ. ಅಮ್ಮಿ ಬುಟ್ಟಿಯನ್ನೇ ನೋಡುತ್ತ ನಿಂತಿರುತ್ತಿದ್ದಳು. ಮನೆಗೆ ಬರುವ ದಾರಿಯಲ್ಲಿ ಮಾತ್ರ, "ಆ ಕಟ್ಟ ಚಲೋ ಇತ್ತು" ಎಂದು ಒಂದು ಸಲ ಅನ್ನುತ್ತಿದ್ದಳು, ಸತ್ತವರ ಬಗ್ಗೆ ಹೇಳುವಂತೆ. ಮುಂದೆ ಹೆಂಗಸರು ಸಂಘ ಕಟ್ಟಿದರು, ಪೇಟೆಯಲ್ಲಿ ಮೆರವಣಿಗೆ ಮಾಡಿದರು, ಛಾಟ ಕಡಿಮೆಯಾಯಿತು. ಅಮ್ಮಿ ಮೆರವಣಿಗೆಗೂ ಹೋಗಿದ್ದಳು, ಹಿಂದಿನ ಸಾಲಿನಲ್ಲಿ, ಬಾಯಿ ತೆರೆಯದೆ. ಆಟದಲ್ಲಿ ದೇವರ ಮುಂದೆ ನಿಂತ ಹುಡುಗಿಗೂ ಶಬಾನಾ ಮಾತು ಕೊಟ್ಟಿರಲಿಲ್ಲ. ಯಾವ ಕೀಲಿ ಒತ್ತಿದರೂ ಅಲ್ಲಿ ತಕ್ಕಡಿ ನಿಲ್ಲುವವರೆಗೆ ಕಾಯಬೇಕು, ಅಷ್ಟೇ.

ಪುಣೆಯ ಅಭ್ಯಂಕರರು ಬಂದಾಗ ಕ್ಲಾಸಿನಲ್ಲಿ ಅಗರಬತ್ತಿಯ ಹೊಗೆ ತುಂಬಿತ್ತು, ರಾವಸಾಹೇಬರು ಯಂತ್ರಕ್ಕೆ ಪೂಜೆ ಮಾಡಿಸಿದ್ದರು. ಅಭ್ಯಂಕರರು ಸಣ್ಣ ಪುಟ್ಟ ಆಟಗಳನ್ನು ಫ್ಲಾಪಿಯಲ್ಲಿ ಹಾಕಿ ಶಾಲೆಗಳಿಗೆ ಮಾರುವ ಮನುಷ್ಯ. ತೆಳ್ಳಗಿನ ಮೈ, ಬೆಳ್ಳಗಿನ ಅಂಗಿ, ಯಾವುದಕ್ಕೂ ಆತುರವಿಲ್ಲದ ದನಿ. ಮಾತೆಲ್ಲ ಮರಾಠಿಯಲ್ಲೇ ನಡೆಯಿತು. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಎಂದು ಬೆಳೆದವಳಿಗೆ ಅದು ವಿಶೇಷವಲ್ಲ. ವಿಶೇಷವೆನಿಸಿದ್ದು ರಾವಸಾಹೇಬರ 'ನಾವು'. "ನಾವ ಇದನ್ನ ಹಿಂಗ ವಿಚಾರ ಮಾಡಿದ್ವಿ ಸಾಹೇಬ," "ನಾವ ಇಲ್ಲಿ ಮೊಸಳಿ ಇಟ್ಟೇವಿ." ನಾವು ಎಂಬುದು ದೊಡ್ಡ ಕಂಬಳಿ, ಅದರಲ್ಲಿ ತಾನೂ ಒಂದು ಮೂಲೆಯಲ್ಲಿ ಇರಬಹುದು ಎಂದು ಶಬಾನಾ ಗೋಡೆಗೆ ಒರಗಿ ನಿಂತು ಯೋಚಿಸಿದಳು. ಚಹಾದ ತಟ್ಟೆ ಅವಳ ಕೈಯಲ್ಲಿತ್ತು, ಅದನ್ನು ಯಾರು ಯಾವಾಗ ಕೈಗೆ ಕೊಟ್ಟರೋ ನೆನಪಿಲ್ಲ. ಪರದೆ ಬಂದವರ ಹೆಸರು ಕೇಳಿತು. ಅಭ್ಯಂಕರರು ತಮ್ಮ ಹೆಸರು ಒತ್ತಿ ನಕ್ಕು, ನದಿಗೆ ಇಳಿದರು. ಮೊಸಳೆಯನ್ನು ತಪ್ಪಿಸಿಕೊಂಡರು. ಪೂಜಾರಿಯ ಸುಳ್ಳಿಗೆ ಬಿದ್ದು ಎರಡು ಊರು ಹಿಂದೆ ಬಂದರು. ಆಗ, "ಛಾನ, ಬಹಳ ಚೆನ್ನ! ಇದನ್ನು ಬರೆದವರಿಗೆ ಮನುಷ್ಯರು ಗೊತ್ತು" ಎಂದರು. ರಾವಸಾಹೇಬರು ತಲೆ ತಗ್ಗಿಸಿ ಆ ಮಾತನ್ನು ಹೂಮಾಲೆಯಂತೆ ಕೊರಳಿಗೆ ಹಾಕಿಕೊಂಡರು. ಶಬಾನಾಗೆ ಕಿವಿ ಬಿಸಿಯಾಯಿತು. ಮಾತು ತನ್ನದು, ಕೊರಳು ಇನ್ನೊಬ್ಬರದು. ಅಷ್ಟರಲ್ಲಿ ದೋಣಿ ನದಿಯ ದಂಡೆಯ ಪೇಟೆಗೆ ಬಂದು ನಿಂತಿತು.

ಅಭ್ಯಂಕರರ ಬೆರಳು ಕೀಲಿಯ ಮೇಲೆಯೇ ನಿಂತಿತು. ಕನ್ನಡಕ ಹಣೆಗೆ ಏರಿಸಿ ಪರದೆಯ ಹತ್ತಿರ ಬಗ್ಗಿದರು. "ತಂಬಾಖು?" ಎಂದರು. "ಇಜಿಪ್ತದಲ್ಲಿ ತಂಬಾಖು?" ಆಮೇಲೆ ನಗತೊಡಗಿದರು. ಕೆಟ್ಟ ನಗೆಯಲ್ಲ, ಮಕ್ಕಳ ತಪ್ಪಿಗೆ ಹಿರಿಯರು ನಗುತ್ತಾರಲ್ಲ, ಅಂಥದು. ತಂಬಾಕು ಅಮೆರಿಕದ ಬೆಳೆ, ಪೋರ್ಚುಗೀಜರು ತಂದ ಮೇಲೆ ಈ ಕಡೆ ಬಂದದ್ದು, ಫಿರೌನನ ಕಾಲಕ್ಕೂ ಅದಕ್ಕೂ ಸಾವಿರಾರು ವರ್ಷದ ಅಂತರ ಎಂದು ನಿಧಾನವಾಗಿ ವಿವರಿಸಿದರು. "ನಿಪ್ಪಾಣಿಯವರು ಮಾತ್ರ ಮಾಡಬಹುದಾದ ತಪ್ಪು ಇದು" ಎಂದು ಕಣ್ಣೊರೆಸಿಕೊಂಡರು. ಆಗ ರಾವಸಾಹೇಬರು, ಒಂದು ಕ್ಷಣವೂ ತಡಮಾಡದೆ, ಗೋಡೆಯ ಕಡೆ ಕೈ ತೋರಿಸಿ, "ಅದನ್ನ ಇಕಿ ಮಾಡ್ಯಾಳ್ರಿ ಸಾಹೇಬ. ನಮ್ಮ ಟೀಚರ್, ಶಬಾನಾ ಅಂತ. ಪೂರಾ ಇಕಿನ ಮಾಡ್ಯಾಳ. ನಾ ಅದನ್ನ ಅಷ್ಟು ನೋಡಿಲ್ರಿ" ಎಂದರು.

ಬೆಳಗಿನಿಂದ ಅವಳು ಕೇಳಬೇಕೆಂದು ಕಾದಿದ್ದ ಮಾತೇ ಅದು. ಅಕ್ಷರಕ್ಕೆ ಅಕ್ಷರ ಅದೇ. ಅಭ್ಯಂಕರರು ತಿರುಗಿ ಮೊದಲ ಸಲ ಅವಳನ್ನು ನೋಡಿದರು, ಅವಳ ಕೈಯಲ್ಲಿದ್ದ ತಟ್ಟೆಯನ್ನೂ ನೋಡಿದರು. ನಾಚಿಕೆಯಾಯಿತು, ತಂಬಾಕಿಗಲ್ಲ, ಆ ತಟ್ಟೆಗೆ. ಎಲ್ಲಿಯಾದರೂ ಇಡಬೇಕೆಂದರೆ ಹತ್ತಿರ ಮೇಜಿರಲಿಲ್ಲ. "ಹೆದರಬೇಡ ಮಗೂ," ಎಂದರು ಅವರು, "ಆಟ ಚೆನ್ನಾಗಿದೆ. ಊಟ ಮುಗಿಸಿ ಬರುತ್ತೇವೆ, ಅಷ್ಟರಲ್ಲಿ ತಂಬಾಕು ತೆಗೆದು ಗೋಧಿ ಹಾಕಿಬಿಡು. ಇವತ್ತೇ ಫ್ಲಾಪಿ ಒಯ್ಯುತ್ತೇನೆ. ಮಕ್ಕಳು ಓದುವ ಆಟ, ತಪ್ಪು ಇರಬಾರದು." ರಾವಸಾಹೇಬರ ಮುಖಕ್ಕೆ ಬಣ್ಣ ಮರಳಿತು. "ಈಗ ಮಾಡತಾಳ್ರಿ. ನಾವ ತಿದ್ದತೇವಿ" ಎಂದರು. ಊಟಕ್ಕೆ ಮೆಟ್ಟಿಲು ಇಳಿಯುವಷ್ಟರಲ್ಲಿ 'ನಾವು' ಎಂಬ ಕಂಬಳಿ ಮತ್ತೆ ಅವರ ಹೆಗಲೇರಿತ್ತು. ತಪ್ಪು ಅವಳದು, ತಿದ್ದುಪಡಿ ನಮ್ಮದು.

ಅವಳು ಮೊದಲು ಮನೆಗೆ ಹೋದಳು. ಹಸಿವೆಯಿರಲಿಲ್ಲ, ಸುಮ್ಮನೆ ಕಾಲು ಆ ಕಡೆ ಹೋದವು. ಬಾಗಿಲಲ್ಲಿ ಅಮ್ಮಿ ಮೆಹರುಬಿ, ಎದುರು ಮನೆಯ ಸಾವಕ್ಕ ಇಬ್ಬರೂ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಇಬ್ಬರ ಕೈಯೂ ಬಾಯಿಯೂ ಒಂದನ್ನೊಂದು ಕೇಳದೆ ತಮ್ಮ ಪಾಡಿಗೆ ನಡೆಯುತ್ತವೆ.

"ಪುಣೆದವ್ರು ಏನಂದ್ರು ಬೇಟಾ?" ಅಮ್ಮಿ ತಲೆ ಎತ್ತದೆ ಕೇಳಿದಳು.

"ಫಿರೌನನ ಊರಾಗ ತಂಬಾಕ ಇದ್ದಿಲ್ಲಂತ ಅಮ್ಮಿ."

ಅಮ್ಮಿಯ ಬೆರಳು ಎಲೆಯ ಮೇಲೆ ನಿಂತವು. ಅವು ನಿಲ್ಲುವುದನ್ನು ಶಬಾನಾ ಕಂಡದ್ದು ಅಪರೂಪ. "ಇದ್ದಿಲ್ಲ?" ಎಂದಳು ಅಮ್ಮಿ. ನಿಜವಾಗಿಯೇ ಚಿಂತೆಗೆ ಬಿದ್ದು, "ಮತ್ತ ಅಲ್ಲಿ ಮಂದಿ ಏನ ಮಾಡಿ ಉಣ್ತಿದ್ರು?" ಎಂದು ಕೇಳಿದಳು.

"ಅರಸ ಇದ್ದ ಅಂದ್ರ ವಖಾರ ಇದ್ದ ಇರ್ತಾವ ತಗೊ," ಸಾವಕ್ಕ ದಾರ ಸುತ್ತುತ್ತ ಅಂದಳು. "ವಖಾರ ಇದ್ದ ಮ್ಯಾಲ ತಂಬಾಕ ಎಲ್ಲಿ ಹೋಗತೈತಿ? ಪುಣೆದವ್ರಿಗೇನ ಗೊತ್ತ."

ಶಬಾನಾ ನಗಬೇಕೆಂದುಕೊಂಡಳು, ಆಗಲಿಲ್ಲ. ಅಭ್ಯಂಕರರು ಹೇಳಿದ್ದು ಖರೆ, ಅದರಲ್ಲಿ ಅನುಮಾನವಿಲ್ಲ. ಇವರಿಬ್ಬರು ಹೇಳುವುದು ತಪ್ಪು. ತಪ್ಪಾದರೂ ಆ ನದಿಯ ದಂಡೆಯಲ್ಲಿ ಅವಳು ಕಟ್ಟಿದ ಊರು ಇವರದೇ. ಅಜ್ಜಿಗೆ ಕೇಳಿದ ಪ್ರಶ್ನೆಗೆ ಉತ್ತರ ಸಿಗದೆ ಹೋದಾಗ ಮನೆಯ ಮುಂದಿದ್ದ ವಾಸನೆಯನ್ನೇ ಎತ್ತಿ ಅಲ್ಲಿ ಇಟ್ಟಿದ್ದಳು, ಇಡುತ್ತಿದ್ದೇನೆ ಎಂಬ ಅರಿವೂ ಇಲ್ಲದೆ. ಇಷ್ಟು ದಿನ ಆ ತಂಬಾಕು ಅವಳಿಗೆ ಕಂಡೇ ಇರಲಿಲ್ಲ. ಅಮ್ಮಿ ರೊಟ್ಟಿ ತಿನ್ನು ಎಂದಳು. ಶಬಾನಾ ನಿಂತೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಹೊರಟಳು.

ಕ್ಲಾಸಿನಲ್ಲಿ ಯಾರೂ ಇರಲಿಲ್ಲ. ಅವಳು ಹಟಮಾರಿಯಲ್ಲ. ಹೇಳಿದಂತೆ ಮಾಡಲೆಂದೇ ಕೂತಳು. ಪ್ರೋಗ್ರಾಮು ತೆರೆದು, ತಂಬಾಕು ಇದ್ದಲ್ಲೆಲ್ಲ ಒಂದೊಂದಾಗಿ ಗೋಧಿ ಹಾಕುತ್ತ ಹೋದಳು. ಗದ್ದೆಯ ಕಳೆ ತೆಗೆದ ಹಾಗೆ ಬೇಸರದ ಕೆಲಸ, ಮನಸ್ಸಿಗೆ ಹಿತವೂ ಆಗಿತ್ತು. ಮುಗಿದ ಮೇಲೆ ಆಟ ನಡೆಸಿ ನೋಡಿದಳು. ಪರದೆ ಹೆಸರು ಕೇಳಿತು. ಹೇಳಿದಳು. ನದಿಗೆ ಇಳಿದು ಪೇಟೆ ಮುಟ್ಟಿದಾಗ ಪರದೆ ಹೇಳಿತು: ನಿನ್ನ ತಾಯಿ ಬೆಳಗಿನಿಂದ ಬಾಗಿಲಲ್ಲಿ ಕೂತು ಎಲೆಯಲ್ಲಿ ಗೋಧಿ ಸುತ್ತುತ್ತಿದ್ದಾಳೆ. ಅವಳ ಬೆರಳು ಗೋಧಿಯಿಂದ ಹಳದಿಯಾಗಿವೆ. ರಾತ್ರಿ ಗೋಧಿಯ ಘಾಟಿಗೆ ಅವಳು ಕೆಮ್ಮುತ್ತಾಳೆ. ಶಬಾನಾಗೆ ನಗು ಬಂತು, ಒಬ್ಬಳೇ ಗಟ್ಟಿಯಾಗಿ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಸಾಲುಗಳನ್ನೂ ಬದಲಿಸಬಹುದಿತ್ತು. ತಾಯಿಯನ್ನು ಬಾಗಿಲಿಂದ ಎಬ್ಬಿಸಿ ಬೀಸುವ ಕಲ್ಲಿನ ಮುಂದೆ ಕೂಡಿಸಿದರೆ ಆಯಿತು, ಒಂದು ತಾಸಿನ ಕೆಲಸ. ಇತಿಹಾಸಕ್ಕೆ ಒಪ್ಪುವ ತಾಯಿ ಸಿಗುತ್ತಿದ್ದಳು. ಆದರೆ ಆ ತಾಯಿ ಹೇಗೆ ಕೂಡುತ್ತಾಳೆ, ಬೇಸತ್ತಾಗ ಯಾವ ಕೈಯನ್ನು ಕೊಡವುತ್ತಾಳೆ ಎಂಬುದು ಶಬಾನಾಗೆ ಗೊತ್ತಿರಲಿಲ್ಲ. ಬರೆದವರಿಗೆ ಮನುಷ್ಯರು ಗೊತ್ತು ಎಂದು ಅಭ್ಯಂಕರರು ಹೇಳಿದ್ದರು. ಗೊತ್ತಿದ್ದವರು ಇಬ್ಬರು ಮೂವರು. ಅವರನ್ನು ತೆಗೆದರೆ ನದಿ ಉಳಿಯುತ್ತದೆ, ಮೊಸಳೆ ಉಳಿಯುತ್ತದೆ.

ಹಳೆಯದನ್ನೇ ಮರಳಿ ತಂದಳು. ತಂಬಾಕು ತನ್ನ ತನ್ನ ಜಾಗಕ್ಕೆ ಬಂದು ಕೂತಿತು. ಆಮೇಲೆ ಮೇಲಿನ ಸಾಲುಗಳಿಗೆ ಹೋಗಿ, ತನ್ನ ಹೆಸರಿನ ಮುಂದಿದ್ದ ಮೂರು ಅಕ್ಷರ ತೆಗೆದುಹಾಕಿದಳು. ಧೈರ್ಯವೇನೂ ಅನಿಸಲಿಲ್ಲ. ಕೆಲಸ ಹೋದರೆ ಮುಂದೇನು ಎಂಬ ಯೋಚನೆ ಇದ್ದೇ ಇತ್ತು. ರಾವಸಾಹೇಬರು ತಪ್ಪಿಗೆ ತನ್ನ ಹೆಸರು ಹೇಳಿದ್ದಾರೆ, ಇನ್ನು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ ಎಂದಷ್ಟೇ ಅವಳಿಗೆ ತಿಳಿದಿತ್ತು.

ಅವರು ಬಂದರು. ಹೊಟ್ಟೆ ತುಂಬ ಉಂಡವರ ಸಮಾಧಾನ ಇಬ್ಬರ ಮುಖದಲ್ಲೂ ಇತ್ತು. ಅಭ್ಯಂಕರರು ಕೂತು ಆಟ ತೆರೆದರು. ಮೊದಲ ಹಾಳೆಯಲ್ಲಿ ಕ್ಲಾಸಿನ ಹೆಸರು, ಅದರ ಕೆಳಗೆ 'ಬರೆದವರು ಶಬಾನಾ ಗೌಸಸಾಬ'. ರಾವಸಾಹೇಬರು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಿದ್ದವರು ಹಾಗೇ ನಿಂತರು. ಅಭ್ಯಂಕರರು ಆಟದ ಪೇಟೆಯ ತನಕ ಹೋಗಿ, ಓದಿ, ಕನ್ನಡಕ ತೆಗೆದರು.

"ತಂಬಾಕು ತೆಗೆಯಲಿಲ್ಲವೇನು?"

"ಇಲ್ರಿ," ಎಂದಳು ಶಬಾನಾ. ಮರಾಠಿಯಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರ ಬಂದದ್ದು ಅವಳಿಗೇ ಆಮೇಲೆ ತಿಳಿಯಿತು. "ಹೆಸರ ಹಾಕೇನ್ರಿ. ಅದು ನನ್ನ ತಪ್ಪು ಅಂತ ಎಲ್ಲಾರಿಗೂ ಗೊತ್ತಾಗಲಿ."

"ಏ, ಹುಚ್ಚಿ!" ರಾವಸಾಹೇಬರ ದನಿ ಏರಿತು. "ಹೊಳ್ಯಾಗ ಹುಣಸಿಹಣ್ಣ ತೊಳದಂಗ ಮಾಡಿದ್ಯಲ್ಲ ಇಷ್ಟು ದಿವಸದ್ದು! ಒಂದ ಶಬ್ದ ತಗ್ಯಾಕ ಏನಾಗತಿತ್ತು ನಿನಗ?"

"ಅದನ್ನ ತಗದ್ರ ಮಂದಿ ಏನ ಮಾಡಿ ಉಣ್ಣಬೇಕ್ರಿ ಸರ್?"

ಆ ಮಾತಿಗೆ ಅಭ್ಯಂಕರರು ಅವಳ ಕಡೆ ತಿರುಗಿದರು. ಅವರಿಗೆ ಏನೋ ಹೊಳೆದಂತಿತ್ತು, ಆದರೆ ಅವರು ಶಾಲೆಗಳಿಗೆ ಮಾರುವ ಮನುಷ್ಯ. "ಇತಿಹಾಸ ಇತಿಹಾಸವೇ ಅಲ್ಲವೇ ಮಗೂ" ಎಂದು ಮೃದುವಾಗಿಯೇ ಹೇಳಿ, ಯಂತ್ರದಿಂದ ಫ್ಲಾಪಿ ಹೊರಗೆ ತೆಗೆದು, ಚೀಲದ ಹತ್ತಿರ ಒಯ್ದು, ಒಯ್ದ ಕೈಯನ್ನು ತಡೆದು, ಮೇಜಿನ ಅಂಚಿಗೆ ಇಟ್ಟರು. ಬಸ್ಸಿಗೆ ಹೊತ್ತಾಗಿತ್ತು. ರಾವಸಾಹೇಬರು ಅವರನ್ನು ಸ್ಟ್ಯಾಂಡಿಗೆ ಬಿಟ್ಟು ಬರಲು ಹೊರಟವರು ಬಾಗಿಲಲ್ಲಿ ನಿಂತು, ಸಿಟ್ಟಿಗಿಂತ ಹೆಚ್ಚಾಗಿ ನೊಂದುಕೊಂಡ ದನಿಯಲ್ಲಿ, "ಹಂಗಾದ್ರ ನಮ್ಮ ಕ್ಲಾಸಿನ ಹೆಸರ ತಗದಬಿಡ ಅದರಾಗಿಂದ. ನಾಳೆ ಹುಡುಗುರ ಬರ್ತಾರ, ನೀ ಟೈಮಕ್ಕ ಬಾ" ಎಂದರು. ಅವರ ಹೆಜ್ಜೆ ಮೆಟ್ಟಿಲಲ್ಲಿ ಕೆಳಗಿಳಿಯುವುದನ್ನು ಕೇಳುತ್ತ ಶಬಾನಾ ಆ ಸಾಲನ್ನೂ ಅಳಿಸಿದಳು. ಮೊದಲ ಹಾಳೆ ಖಾಲಿಯಾಯಿತು, ಅವಳ ಹೆಸರೊಂದು ಬಿಟ್ಟು. ಬೇಕಾಗಿದ್ದದ್ದು ಇದೇ. ಸಿಕ್ಕಾಗ ಸಂತೋಷವಾಗುತ್ತದೆ ಎಂದುಕೊಂಡಿದ್ದಳು. ದುಃಖವಾಯಿತು, ಚೆನ್ನಾಗಿಯೇ ದುಃಖವಾಯಿತು. ಮೇಜಿನ ಅಂಚಿನಲ್ಲಿದ್ದ ಫ್ಲಾಪಿಗೂ ಅದನ್ನೇ ಬರೆದುಕೊಂಡು ಅಂಗೈಯಲ್ಲಿ ಹಿಡಿದು ಕೆಳಗೆ ಇಳಿದಳು.

ಮನೆಯ ಬಾಗಿಲಲ್ಲಿ ಹೊತ್ತು ಇಳಿಯುತ್ತಿತ್ತು. ಸಾವಕ್ಕ ಮೊರ ಎತ್ತಿಕೊಂಡು ಏಳುತ್ತಿದ್ದಳು. ಅಮ್ಮಿ ಕೊನೆಯ ಕಟ್ಟಿಗೆ ದಾರ ಸುತ್ತುತ್ತ, ಮಗಳ ಕೈಯಲ್ಲಿದ್ದ ಕಪ್ಪು ಚೌಕವನ್ನು ನೋಡಿದಳು.

"ಏನಾತು?"

"ಛಾಟ ಆತು ಅಮ್ಮಿ."

ಅಮ್ಮಿ ದಾರ ಹಲ್ಲಿನಿಂದ ಕಡಿದಳು. ಆಮೇಲೆ ಅವಳ ಕಣ್ಣು ಮತ್ತೆ ಆ ಚೌಕದ ಮೇಲೆ ಬಂದು ನಿಂತಿತು. ಕೈ ಚಾಚಿ, ಬೆರಳಿನ ತಂಬಾಕಿನ ಪುಡಿಯನ್ನು ಸೀರೆಗೆ ಒರೆಸಿಕೊಂಡು, ಅದನ್ನು ಮೆಲ್ಲಗೆ ಮುಟ್ಟಿದಳು.

"ಮರಳಿ ಕೊಟ್ರ?" ಎಂದಳು. ನಂಬಿಕೆಯಾಗದೆ ಮಗಳ ಮುಖ ನೋಡಿ ಮತ್ತೆ ಕೇಳಿದಳು. "ಛಾಟ ಆದದ್ದ ನಿನಗ ಮರಳಿ ಕೊಟ್ರ?"